ಮನೆಯೊಳಗೆ ನಡೆಯದ ಸಂಧಾನ

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರು ತಮ್ಮ ದೇಶ ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ತೀರ್ಪಿತ್ತರು. 2020ರ ಜನವರಿ 31ರಂದು ಆ ದೇಶ ಹೊರಬಂದಿತು. ಈ ಎರಡು ದಿನಗಳ ನಡುವಿನ ಮೂರೂವರೆ ವರ್ಷ ಅಲ್ಲಿ ನಡೆದದ್ದು ಹೊರಬರಬೇಕೇ ಬೇಡವೇ ಎಂಬ ಜಗಳ ಮಾತ್ರವಲ್ಲ. ಹೊರಬರುವ ಮಾತುಕತೆಯನ್ನು ಹೇಗೆ ನಡೆಸಬೇಕು, ಯಾರು ನಡೆಸಬೇಕು, ಯಾರನ್ನು ಕೇಳಿ ನಡೆಸಬೇಕು ಎಂಬ ಜಗಳವೇ ದೊಡ್ಡದಾಯಿತು. ಅದರಲ್ಲಿ ಥೆರೇಸಾ ಮೇ ಅವರ ಪ್ರಧಾನಿ ಪಟ್ಟ ಹೋಯಿತು, ಎರಡು ಸಾರ್ವತ್ರಿಕ ಚುನಾವಣೆಗಳು ನಡೆದವು, ಸರ್ವೋಚ್ಚ ನ್ಯಾಯಾಲಯ ಎರಡು ಬಾರಿ ಸರಕಾರದ ಕಿವಿ ಹಿಂಡಿತು. ಸಂಸದೀಯ ಪ್ರಜಾಪ್ರಭುತ್ವಕ್ಕೆ ತಾನೇ ತವರು ಎಂದು ಬೀಗುತ್ತಿದ್ದ ದೇಶವೊಂದು ತನ್ನ ಸಂಸತ್ತನ್ನೇ ಹೇಗೆ ಬಳಸಿಕೊಳ್ಳಬೇಕೆಂದು ತಿಳಿಯದೆ ಒದ್ದಾಡಿದ್ದನ್ನು ಜಗತ್ತು ಟಿ.ವಿ.ಯಲ್ಲಿ ನೋಡಿತು.

ಈ ಪ್ರಕರಣದ ಕುರಿತು ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಚರ್ಚೆಗೆ ಎತ್ತಿಕೊಂಡಿದ್ದೇನೆ. ಒಂದು, ಐರೋಪ್ಯ ಒಕ್ಕೂಟದ ಪರವಾಗಿ ಸಂಧಾನ ನಡೆಸಿದ ಫ್ರಾನ್ಸಿನ ಮಿಷೆಲ್ ಬಾರ್ನಿಯೆ ಅವರ ದಿನಚರಿ. 2021ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾದ ಇದು ಅದೇ ವರ್ಷ 'ಮೈ ಸೀಕ್ರೆಟ್ ಬ್ರೆಕ್ಸಿಟ್ ಡೈರಿ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೂ ಬಂತು. ಎರಡನೆಯದು ಬೆಲ್ಜಿಯಂನ ಲೋಡೆ ಡೆಸ್ಮೆಟ್ ನಿರ್ದೇಶಿಸಿ, 2019ರ ಮೇ ತಿಂಗಳಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಬ್ರೆಕ್ಸಿಟ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್' ಎಂಬ ಸಾಕ್ಷ್ಯಚಿತ್ರ. ಮೂರನೆಯದು ಇಂಗ್ಲಿಷಿನ ಪ್ರಸಿದ್ಧ ಕಾದಂಬರಿಕಾರ ಇಯಾನ್ ಮೆಕ್ಯೂವನ್ 2019ರಲ್ಲಿ ಬರೆದ 'ದಿ ಕಾಕ್ರೋಚ್' ಎಂಬ ಕಿರುಕಾದಂಬರಿ. ಒಂದು ದಿನಚರಿ, ಒಂದು ಚಿತ್ರ, ಒಂದು ಕಥೆ. ಮೂರೂ ಬ್ರಿಟನ್ನಿನ ನಡವಳಿಕೆಯನ್ನು ಕಂಡು ಬೆರಗಾಗುತ್ತವೆ, ಕೆಲವೊಮ್ಮೆ ನಗುತ್ತವೆ. ಆದರೆ ಈ ನಗು ಎಷ್ಟು ದೂರ ನಮ್ಮನ್ನು ಕರೆದೊಯ್ಯಬಲ್ಲದು ಎಂಬುದು ನನ್ನ ಪ್ರಶ್ನೆ. ಬ್ರಿಟನ್ನಿನ ನಿಜವಾದ ಸೋಲು ಬ್ರಸೆಲ್ಸಿನ ಮೇಜಿನ ಮುಂದೆ ಆದದ್ದಲ್ಲ. ಮನೆಯೊಳಗೆ ತನ್ನವರೊಂದಿಗೆ ನಡೆಸಬೇಕಾಗಿದ್ದ ಸಂಧಾನವನ್ನು ಅದು ನಡೆಸಲೇ ಇಲ್ಲ. ಈ ಮೂರು ಕೃತಿಗಳನ್ನು ಆ ದೃಷ್ಟಿಯಿಂದಲೇ ಓದಬೇಕು.

ಜಗಳದ ಬೇರು

ಜನಮತಗಣನೆಯಲ್ಲಿ ಹೊರಬರಬೇಕೆಂದವರು ಶೇ. 51.9, ಉಳಿಯಬೇಕೆಂದವರು ಶೇ. 48.1. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಗೆ ಎಂದವು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಒಳಗೆ ಎಂದವು. ಮತಪತ್ರದಲ್ಲಿದ್ದುದು ಒಂದೇ ಪ್ರಶ್ನೆ: ಇರಬೇಕೇ, ಹೋಗಬೇಕೇ? ಹೋಗುವುದಾದರೆ ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ನಾರ್ವೆಯ ಹಾಗೆ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ ಉಳಿದುಕೊಂಡೂ ಸದಸ್ಯತ್ವ ಇಲ್ಲದಿರಬಹುದಿತ್ತು. ಟರ್ಕಿಯ ಹಾಗೆ ಸುಂಕದ ಮಟ್ಟಿಗೆ ಜೊತೆಗಿರಬಹುದಿತ್ತು. ಕೆನಡಾದ ಹಾಗೆ ದೂರದಿಂದಲೇ ಒಂದು ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದಿತ್ತು. ಇವುಗಳಲ್ಲಿ ಯಾವುದಕ್ಕೆ ಜನ ಮತ ಹಾಕಿದ್ದಾರೆಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗಾಗಿ ಎಲ್ಲರೂ ಹೇಳತೊಡಗಿದರು.

2016ರ ಜುಲೈಯಲ್ಲಿ ಪ್ರಧಾನಿಯಾದ ಥೆರೇಸಾ ಮೇ ಅವರು 'ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್' ಎಂದರು. ಏನನ್ನೂ ಹೇಳದ ಈ ಮಾತಿಗೆ ಚಪ್ಪಾಳೆ ಬಿತ್ತು. 2017ರ ಜನವರಿಯಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸಿನಲ್ಲಿ ಮಾಡಿದ ಭಾಷಣದಲ್ಲಿ ಅವರು ಗೆರೆಗಳನ್ನು ಎಳೆದರು: ಏಕ ಮಾರುಕಟ್ಟೆಯೂ ಬೇಡ, ಸುಂಕ ಒಕ್ಕೂಟವೂ ಬೇಡ, ಐರೋಪ್ಯ ನ್ಯಾಯಾಲಯದ ಅಧಿಕಾರವೂ ಬೇಡ. ಸಂಸತ್ತಿನಲ್ಲಿ ಚರ್ಚಿಸಿ ಮತಕ್ಕೆ ಹಾಕಿ ಎಳೆದ ಗೆರೆಗಳಲ್ಲ ಇವು. ನಿರ್ಗಮನದ ನೋಟಿಸನ್ನು ಕೂಡ ಸಂಸತ್ತನ್ನು ಕೇಳದೆಯೇ ಕೊಡಲು ಸರಕಾರ ಹೊರಟಿತ್ತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಹಾಗೆ ಮಾಡುವಂತಿಲ್ಲವೆಂದು 8-3ರ ಬಹುಮತದಿಂದ ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ ಕೆಳಗಿನ ನ್ಯಾಯಾಲಯ ಇದೇ ಮಾತು ಹೇಳಿದಾಗ ಒಂದು ದೊಡ್ಡ ದಿನಪತ್ರಿಕೆ ಆ ಮೂವರು ನ್ಯಾಯಾಧೀಶರ ಚಿತ್ರ ಹಾಕಿ ಅವರನ್ನು ಜನರ ಶತ್ರುಗಳೆಂದು ಮುಖಪುಟದಲ್ಲಿ ಕರೆದಿತ್ತು. ಸಂಸತ್ತನ್ನು ಕೇಳಿ ಎಂದು ಹೇಳಿದ್ದೇ ಅವರ ಅಪರಾಧ.

ಆಮೇಲಿನದು ಎಲ್ಲರಿಗೂ ತಿಳಿದಿರುವ ಕಥೆ. 2017ರ ಮಾರ್ಚ್ 29ರಂದು ನೋಟಿಸು ಹೋಯಿತು. ಎರಡು ವರ್ಷದ ಗಡುವು ಅಂದಿನಿಂದ ಓಡತೊಡಗಿತು. ಕೈ ಬಲಪಡಿಸಿಕೊಳ್ಳಲೆಂದು ಮೇ ಅವರು ಚುನಾವಣೆ ಕರೆದರು. ಜೂನಿನಲ್ಲಿ ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ಹತ್ತು ಸದಸ್ಯರ ಆಸರೆಗೆ ಬಿದ್ದರು. ಸಂಪುಟದೊಳಗೆ ಎತ್ತು ಏರಿಗೆ, ಕೋಣ ನೀರಿಗೆ. 2018ರ ಜುಲೈಯಲ್ಲಿ ಚೆಕರ್ಸ್ ಬಂಗಲೆಯಲ್ಲಿ ಇಡೀ ಸಂಪುಟ ಒಪ್ಪಿದ ಯೋಜನೆಯನ್ನು ವಿರೋಧಿಸಿ ಎರಡೇ ದಿನದಲ್ಲಿ ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್ ರಾಜೀನಾಮೆ ಕೊಟ್ಟರು, ಮರುದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್. ನವೆಂಬರಿನಲ್ಲಿ 585 ಪುಟಗಳ ಒಪ್ಪಂದದ ಕರಡು ಹೊರಬಿದ್ದ ಮರುದಿನ ಡೇವಿಸ್ ಜಾಗಕ್ಕೆ ಬಂದಿದ್ದ ಡೊಮಿನಿಕ್ ರಾಬ್ ಕೂಡ ಹೊರನಡೆದರು. ಸಂಧಾನದ ಹೊಣೆ ಹೊತ್ತ ಸಚಿವನೇ ಆ ಸಂಧಾನದ ಫಲವನ್ನು ತಿರಸ್ಕರಿಸಿ ಹೋದ ಇಂಥ ಉದಾಹರಣೆಗಳು ರಾಜತಾಂತ್ರಿಕ ಇತಿಹಾಸದಲ್ಲಿ ಹೆಚ್ಚು ಸಿಗಲಾರವು.

ಈ ಹಂತದಲ್ಲಿ ಟೀಕಾಕಾರರು ಮೂರು ದಿಕ್ಕಿನಲ್ಲಿ ನಿಂತಿದ್ದರು. ಹೊರಬರುವ ಪಕ್ಷದವರ ಪ್ರಕಾರ ಮೇ ಅವರಿಗೆ ಬ್ರೆಕ್ಸಿಟ್ ಮೇಲೆ ನಂಬಿಕೆಯೇ ಇರಲಿಲ್ಲ, ಬ್ರಸೆಲ್ಸ್ ಹಾಕಿದ ಕ್ರಮಕ್ಕೆ ಮೊದಲ ದಿನವೇ ತಲೆಬಾಗಿದರು. ಉಳಿಯುವ ಪಕ್ಷದವರ ಪ್ರಕಾರ ಅವರು ಯಾರನ್ನೂ ಕೇಳದೆ ಗೆರೆ ಎಳೆದು, ಎಲ್ಲವನ್ನೂ ಗುಟ್ಟಾಗಿಟ್ಟರು. ಲೇಬರ್ ಪಕ್ಷ ಎರಡೂ ಕಡೆಯ ಮತದಾರರನ್ನು ಉಳಿಸಿಕೊಳ್ಳುವ ಆಸೆಯಿಂದ ಯಾವುದನ್ನೂ ನೇರವಾಗಿ ಹೇಳಲಿಲ್ಲ. ಆದರೆ ನೋಟಿಸು ಕೊಡುವ ಮಸೂದೆ ಕಾಮನ್ಸ್ ಸಭೆಯ ಎರಡನೇ ವಾಚನದಲ್ಲಿ 498-114ರಿಂದ ಪಾಸಾಯಿತು. ಎಲ್ಲಿಗೆ ಹೋಗುತ್ತೇವೆಂದು ತಿಳಿಯದೆ ಬಂಡಿ ಕಟ್ಟಲು ವಿರೋಧ ಪಕ್ಷವೂ ನೊಗ ಎತ್ತಿ ಕೊಟ್ಟಿತೆಂಬುದನ್ನು ಮರೆಯುವಂತಿಲ್ಲ.

ಮೆಟ್ಟಿಲಿನ ಚಿತ್ರ

ಬಾರ್ನಿಯೆ ಅವರ ದಿನಚರಿಯ ಮೊದಲ ಗುಣ ಅದರ ಶುಷ್ಕತೆ. ಸವಾ ಎಂಬ ಪರ್ವತ ಸೀಮೆಯವರಾದ ಅವರು ಬೆಟ್ಟ ಹತ್ತುವವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾರೆ. ಯಾವ ದಿನ ಯಾವ ರಾಜಧಾನಿ, ಯಾರ ಜೊತೆ ಭೇಟಿ, ಯಾವ ಕಾಗದ, ಇದೇ ಪುಟದಿಂದ ಪುಟಕ್ಕೆ. ಇಂಥದ್ದನ್ನು ಓದುವುದು ಸುಲಭವಲ್ಲ. ಆದರೆ ಆ ಶುಷ್ಕತೆಯಲ್ಲೇ ಸಂಧಾನದ ರಹಸ್ಯವಿದೆ. ಲಂಡನ್ನಿನಲ್ಲಿ ಮಂತ್ರಿಗಳು ಪತ್ರಿಕೆಗಳ ಮೂಲಕ ಪರಸ್ಪರ ಕಚ್ಚಾಡುತ್ತಿದ್ದಾಗ ಈ ಮನುಷ್ಯ 27 ದೇಶಗಳ ಸರಕಾರಗಳನ್ನು, ಐರೋಪ್ಯ ಸಂಸತ್ತಿನ ಪಕ್ಷಗಳನ್ನು, ಕಾರ್ಮಿಕ ಸಂಘಗಳನ್ನು, ಮೀನುಗಾರರನ್ನು ಕಂಡು ಮಾತಾಡುತ್ತಿದ್ದರು. ತಮ್ಮ ಕಡೆಯ ನಿಲುವಿನ ಕಾಗದಗಳನ್ನು ಬಹಿರಂಗವಾಗಿ ಪ್ರಕಟಿಸುತ್ತಿದ್ದರು. ಪ್ರತಿ ಸುತ್ತಿನ ಮಾತುಕತೆಯ ನಂತರ ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದರು. ಬರ್ಲಿನ್ ಅಥವಾ ಪ್ಯಾರಿಸಿನ ಜೊತೆ ನೇರವಾಗಿ ಮಾತಾಡಿ ಒಕ್ಕೂಟವನ್ನು ಒಡೆಯಬಹುದೆಂದು ಲಂಡನ್ನಿನ ಕೆಲವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿದ್ದು ಈ ಬೇಸರ ತರಿಸುವ ತಿರುಗಾಟದಿಂದ. ಬಾರ್ನಿಯೆ ಎದುರಾಳಿಯೊಂದಿಗೆ ಕೂತ ಗಂಟೆಗಳಿಗಿಂತ ತಮ್ಮವರೊಂದಿಗೆ ಕೂತ ಗಂಟೆಗಳೇ ಹೆಚ್ಚೆಂದು ಪುಸ್ತಕ ಓದಿದವರಿಗೆ ಅನಿಸದೆ ಇರದು.

2017ರ ಜುಲೈ 17ರಂದು ತೆಗೆದ ಒಂದು ಛಾಯಾಚಿತ್ರ ಆಗ ಬಹಳ ಸುದ್ದಿ ಮಾಡಿತ್ತು. ಮೇಜಿನ ಒಂದು ಬದಿ ಬಾರ್ನಿಯೆ ಮತ್ತು ಸಂಗಡಿಗರು, ಮುಂದೆ ಕಾಗದದ ಕಟ್ಟುಗಳು. ಇನ್ನೊಂದು ಬದಿ ಡೇವಿಸ್ ಮತ್ತು ಸಂಗಡಿಗರು, ಮುಂದೆ ಏನೂ ಇಲ್ಲ. ಕಾಗದ ಚೀಲದಿಂದ ಇನ್ನೂ ಹೊರಬಂದಿರಲಿಲ್ಲವೆಂಬ ಸಮಜಾಯಿಷಿ ಬಂತು. ಅದು ನಿಜವೂ ಇರಬಹುದು. ಆದರೆ ಜನ ಆ ಚಿತ್ರವನ್ನು ನಂಬಿದರು, ಏಕೆಂದರೆ ಅದು ಅವರಿಗೆ ಆಗಲೇ ಗೊತ್ತಿದ್ದುದನ್ನು ಹೇಳುತ್ತಿತ್ತು.

ಅದಕ್ಕಿಂತ ಮುಖ್ಯವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ ಬಾರ್ನಿಯೆ ಒಕ್ಕೂಟದ ನಾಯಕರ ಮುಂದಿಟ್ಟ ಇನ್ನೊಂದು ಚಿತ್ರ, ಒಂದು ಮೆಟ್ಟಿಲಿನ ನಕ್ಷೆ. ಮೇಲಿನ ಮೆಟ್ಟಿಲು ಪೂರ್ಣ ಸದಸ್ಯತ್ವ. ಕೆಳಗೆ ನಾರ್ವೆ, ಸ್ವಿಟ್ಜರ್ಲೆಂಡ್, ಉಕ್ರೇನ್, ಟರ್ಕಿ, ಕೊನೆಗೆ ಕೆನಡಾ ಮತ್ತು ದಕ್ಷಿಣ ಕೊರಿಯಾ. ಬ್ರಿಟನ್ ಬೇಡವೆಂದ ಒಂದೊಂದು ಷರತ್ತೂ ಒಂದೊಂದು ಮೆಟ್ಟಿಲನ್ನು ಅಳಿಸಿಹಾಕುತ್ತದೆ. ಕೊನೆಗೆ ಉಳಿಯುವುದು ಅತಿ ಕೆಳಗಿನದೊಂದೇ. ಒಂದು ಹಾಳೆಯ ಈ ನಕ್ಷೆ ಬ್ರಿಟನ್ನಿನ ಸಂಸತ್ತಿನ ಮುಂದೆ 2016ರಲ್ಲೇ ಬರಬೇಕಾಗಿತ್ತು. ಬ್ರಿಟಿಷರು ತಮ್ಮ ಆಯ್ಕೆಗಳನ್ನು ಎದುರು ಪಕ್ಷದ ವಕೀಲನ ಕಾಗದದಿಂದ ತಿಳಿದುಕೊಳ್ಳಬೇಕಾಗಿ ಬಂದದ್ದು ಈ ದಿನಚರಿಯಲ್ಲಿರುವ ಅತ್ಯಂತ ದುಃಖದ ಸಂಗತಿ.

ಹಾಗೆಂದು ಬಾರ್ನಿಯೆ ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಮೊದಲು ಹಣದ ಲೆಕ್ಕ, ನಾಗರಿಕರ ಹಕ್ಕು, ಐರ್ಲೆಂಡಿನ ಗಡಿ ತೀರ್ಮಾನವಾಗಲಿ, ಆಮೇಲೆ ವ್ಯಾಪಾರದ ಮಾತು ಎಂಬ ಕ್ರಮವನ್ನು ಹಾಕಿದ್ದು ಒಕ್ಕೂಟ. ಹಣ ಮತ್ತು ಹಕ್ಕಿನ ಮಟ್ಟಿಗೆ ಇದು ನ್ಯಾಯ. ಆದರೆ ಮುಂದೆ ಯಾವ ಸುಂಕ, ಯಾವ ತಪಾಸಣೆ ಇರುತ್ತದೆಂದು ಗೊತ್ತಿಲ್ಲದೆ ಗಡಿಯ ಪ್ರಶ್ನೆಯನ್ನು ಬಗೆಹರಿಸುವುದಾದರೂ ಹೇಗೆ? ಹೊರಬರುವ ಪಕ್ಷದವರ ದೂರುಗಳಲ್ಲಿ ಇದು ತೂಕವಿದ್ದದ್ದು. ದಿನಚರಿ ಇದಕ್ಕೆ ಸಮಾಧಾನಕರ ಉತ್ತರ ಕೊಡುವುದಿಲ್ಲ. 27 ದೇಶಗಳ ಒಗ್ಗಟ್ಟು ಎಂಬುದು ಲೇಖಕರಿಗೆ ಎಷ್ಟು ದೊಡ್ಡ ಮೌಲ್ಯವೆಂದರೆ, ಆ ಒಗ್ಗಟ್ಟೇ ಕೆಲವೊಮ್ಮೆ ಬಾಗದ ಗೋಡೆಯಾಗಬಹುದೆಂಬ ಅನುಮಾನ ಅವರನ್ನು ಹೆಚ್ಚು ಕಾಡುವುದಿಲ್ಲ.

ಇನ್ನೊಂದು ಮಾತು. ಬ್ರೆಕ್ಸಿಟ್‌ನಿಂದ ಒಕ್ಕೂಟವೂ ಪಾಠ ಕಲಿಯಬೇಕು, ಹಿಂದುಳಿದ ಪ್ರದೇಶಗಳ ಜನರ ಸಿಟ್ಟನ್ನು ಕೇಳಿಸಿಕೊಳ್ಳಬೇಕು ಎಂದು ಬಾರ್ನಿಯೆ ಹೇಳುತ್ತಾರೆ. ಒಳ್ಳೆಯ ಮಾತು. ಆದರೆ ಪುಸ್ತಕ ಬಂದ ಕೆಲವೇ ತಿಂಗಳಲ್ಲಿ, 2021ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಚುನಾವಣೆಗೆ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಹೊರಟಾಗ ಅವರು ಕೇಳಿದ್ದೇನು? ಒಕ್ಕೂಟದ ಹೊರಗಿನಿಂದ ಬರುವ ವಲಸೆಗೆ ಮೂರರಿಂದ ಐದು ವರ್ಷ ತಡೆ, ಜೊತೆಗೆ ಐರೋಪ್ಯ ನ್ಯಾಯಾಲಯಗಳಿಂದ ಫ್ರಾನ್ಸಿನ ಕಾನೂನಿಗೆ ಬಿಡುಗಡೆ. ಲಂಡನ್ ಇದನ್ನೇ ಕೇಳಿದಾಗ ಅದನ್ನು ಭ್ರಮೆ ಎಂದಿದ್ದ ಲೇಖನಿ ಇದೇ. ಜನರ ಸಿಟ್ಟನ್ನು ಕೇಳಿಸಿಕೊಳ್ಳುವುದೆಂದರೆ ಆ ಸಿಟ್ಟು ಯಾರ ಕಡೆ ಬೆರಳು ತೋರಿಸುತ್ತದೋ ಅವರನ್ನು ಬಾಗಿಲಾಚೆ ನಿಲ್ಲಿಸುವುದು ಎಂದಾದರೆ, ಮೇ ಅವರು ಎಳೆದ ಗೆರೆಗಳಿಗೂ ಇದಕ್ಕೂ ಏನು ವ್ಯತ್ಯಾಸ? ಪಕ್ಷದೊಳಗಿನ ಆ ಸ್ಪರ್ಧೆಯಲ್ಲಿ ಅವರಿಗೆ ಮೂರನೇ ಸ್ಥಾನ ಬಂತು. 2024ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪ್ರಧಾನಿಯಾದ ಅವರು ಮೂರು ಭಾಗವಾಗಿ ಒಡೆದಿದ್ದ ಸಂಸತ್ತನ್ನು ಒಂದು ಬಜೆಟ್ಟಿಗೆ ಒಪ್ಪಿಸಲಾಗದೆ ಡಿಸೆಂಬರ್ 4ರಂದು ಅವಿಶ್ವಾಸ ಮತಕ್ಕೆ ಬಲಿಯಾದರು. 27 ದೇಶಗಳನ್ನು ಒಂದೇ ದನಿಯಲ್ಲಿ ನಿಲ್ಲಿಸಿದವರಿಗೆ ಸ್ವಂತ ದೇಶದ ಮೂರು ಬಣಗಳನ್ನು ನಿಲ್ಲಿಸಲಾಗಲಿಲ್ಲ. ಇದರಿಂದ ಅವರ ದಿನಚರಿಯ ಬೆಲೆ ಕುಂದುವುದಿಲ್ಲ. ಮನೆಯೊಳಗಿನ ಸಂಧಾನ ಎಷ್ಟು ಕಠಿಣ ಎಂಬುದಕ್ಕೆ ಲೇಖಕರೇ ಸಾಕ್ಷಿಯಾದರು, ಅಷ್ಟೇ.

ಒಡೆಯ ಮತ್ತು ವಸಾಹತು

ಡೆಸ್ಮೆಟ್ ಅವರ ಕ್ಯಾಮೆರಾ ಎರಡು ವರ್ಷ ಹಿಂಬಾಲಿಸಿದ್ದು ಬೆಲ್ಜಿಯಂನ ಮಾಜಿ ಪ್ರಧಾನಿ, ಐರೋಪ್ಯ ಸಂಸತ್ತಿನ ಬ್ರೆಕ್ಸಿಟ್ ಸಂಯೋಜಕ ಗೀ ವೆರ್ಹೋಫ್‌ಸ್ಟಾಟ್ ಮತ್ತು ಅವರ ಆಪ್ತ ಸಿಬ್ಬಂದಿಯನ್ನು. ಇವರು ಸಂಧಾನಕಾರರಲ್ಲ, ಅಂತಿಮ ಒಪ್ಪಂದಕ್ಕೆ ಅಂಗೀಕಾರ ಕೊಡಬೇಕಾದ ಸಭೆಯ ಪ್ರತಿನಿಧಿಗಳು. ಅಂದರೆ ಚಿತ್ರದ ಹೆಸರು ಹೇಳುವ 'ಮುಚ್ಚಿದ ಬಾಗಿಲ'ಲ್ಲಿ ನಾವು ನೋಡುವುದು ಪಕ್ಕದ ಕೋಣೆಯ ಬಾಗಿಲನ್ನು. ಈ ಮಿತಿಯನ್ನು ನೆನಪಿಟ್ಟುಕೊಂಡು ನೋಡಿದರೆ ಚಿತ್ರದಲ್ಲಿ ಸಿಗುವುದು ಬಹಳಷ್ಟಿದೆ. ಊಟದ ಮೇಜು, ಕಾರಿನ ಹಿಂದಿನ ಸೀಟು, ಮೊಬೈಲಿಗೆ ಬಂದ ಸುದ್ದಿಗೆ ಮೂಡುವ ಮುಖಭಾವ, ಬೇಸತ್ತ ನಿಟ್ಟುಸಿರು. ದೊಡ್ಡ ಇತಿಹಾಸ ಸಣ್ಣ ಕೋಣೆಗಳಲ್ಲಿ ಹೇಗೆ ನಡೆಯುತ್ತದೆ ಎಂದು ತೋರಿಸುವುದರಲ್ಲಿ ಚಿತ್ರ ಗೆದ್ದಿದೆ.

ಆದರೆ ಚಿತ್ರ ಪ್ರಸಾರವಾದಾಗ ಬ್ರಿಟನ್ನಿನಲ್ಲಿ ಗದ್ದಲವೆದ್ದದ್ದು ಒಂದೇ ಮಾತಿಗೆ. ಮೇ ಅವರ ಒಪ್ಪಂದ ಕುದುರಿದ ಸಂಭ್ರಮದಲ್ಲಿ ಸಿಬ್ಬಂದಿಯೊಬ್ಬ, ಕೊನೆಗೂ ಅವರನ್ನು ನಮ್ಮ ವಸಾಹತು ಮಾಡಿಕೊಂಡೆವು, ಮೊದಲಿನಿಂದಲೂ ನಮ್ಮ ಯೋಜನೆ ಅದೇ ಆಗಿತ್ತು ಎಂದು ತಮಾಷೆ ಮಾಡುತ್ತಾನೆ. ಬ್ರಿಟಿಷರ ವಸಾಹತಾಗಿದ್ದ ನಾಡಿನ ಪ್ರೇಕ್ಷಕರಿಗೆ ಒಂದು ಕ್ಷಣ ನಗು ಬರುವುದು ಸಹಜ. ಅರ್ಧ ಜಗತ್ತನ್ನು ವಸಾಹತು ಮಾಡಿಕೊಂಡವರ ಪಾಲಿಗೆ ಆ ಶಬ್ದ ತಿರುಗಿ ಬಂದಿದೆಯಲ್ಲ! ಆದರೆ ನಗು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ತಮಾಷೆಗೆ ನಾಲ್ಕು ತಿಂಗಳು ಮುಂಚೆ, 2018ರ ಜುಲೈಯ ತಮ್ಮ ರಾಜೀನಾಮೆ ಪತ್ರದಲ್ಲಿ, ಬ್ರಿಟನ್ ವಸಾಹತಿನ ಸ್ಥಿತಿಗೆ ಇಳಿಯುತ್ತಿದೆ ಎಂದು ಗಂಭೀರವಾಗಿ ಬರೆದವರು ಬೋರಿಸ್ ಜಾನ್ಸನ್. ಅದೇ ಪಕ್ಷದ ಇತರರು 'ಸಾಮಂತ ರಾಜ್ಯ' ಎಂಬ ಶಬ್ದ ಬಳಸುತ್ತಿದ್ದರು. 28 ದೇಶಗಳ ಕೂಟದಲ್ಲಿ ಮತ ಹಾಕುವ, ತಿದ್ದುಪಡಿ ತರುವ, ಬೇಡವೆಂದರೆ ಹೊರಟುಹೋಗುವ ಹಕ್ಕಿದ್ದ ಸದಸ್ಯನಿಗೆ ಈ ಶಬ್ದಗಳು ಎಲ್ಲಿಂದ ಹೊಳೆದವು? ಸಾಮ್ರಾಜ್ಯ ಆಳಿದ ಮನಸ್ಸಿಗೆ ಎರಡೇ ಜಾಗ ಗೊತ್ತು: ಒಡೆಯನದು, ಆಳಿನದು. ಸಮಾನರ ನಡುವೆ ಒಬ್ಬನಾಗಿ ಕೂತು ಚೌಕಾಶಿ ಮಾಡುವ ಜಾಗ ಅದಕ್ಕೆ ಸೋಲಿನ ಹಾಗೆ ಕಾಣುತ್ತದೆ. ಮಾತುಕತೆಯ ಪ್ರತಿ ರಿಯಾಯಿತಿಯೂ ಲಂಡನ್ನಿನಲ್ಲಿ ದ್ರೋಹ ಎನಿಸಿದ್ದು ಇದರಿಂದಲೇ. ಡೆಸ್ಮೆಟ್ ಅವರ ಚಿತ್ರ ಈ ಗಾಯವನ್ನು ಮುಟ್ಟುತ್ತದೆ, ಆದರೆ ತಮಾಷೆಯಾಗಿ ದಾಟಿಹೋಗುತ್ತದೆ.

ಜಿರಳೆಯ ರೂಪಕ

ಮೆಕ್ಯೂವನ್ ಅವರ ಕಿರುಕಾದಂಬರಿಯದು ಕಾಫ್ಕಾನ ಪ್ರಸಿದ್ಧ ಕಥೆಯನ್ನು ತಿರುಗಿಸಿಟ್ಟ ತಂತ್ರ. ಅಲ್ಲಿ ಮನುಷ್ಯ ಹುಳುವಾಗುತ್ತಾನೆ. ಇಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಜಿರಳೆಯೊಂದು ಬೆಳಗಾಗುವಷ್ಟರಲ್ಲಿ ಜಿಮ್ ಸ್ಯಾಮ್ಸ್ ಎಂಬ ಪ್ರಧಾನಿಯಾಗಿದೆ. ಸಂಪುಟದ ಬಹುತೇಕ ಮಂತ್ರಿಗಳೂ ಹೀಗೆ ವೇಷ ಬದಲಿಸಿದ ಜಿರಳೆಗಳೇ. ಅವರ ಗುರಿ 'ರಿವರ್ಸಲಿಸಂ', ಅಂದರೆ ಹಣದ ಹರಿವನ್ನೇ ಹಿಮ್ಮುಖ ಮಾಡುವುದು. ಕೆಲಸ ಮಾಡಿದವನು ಮಾಲಿಕನಿಗೆ ಹಣ ಕೊಡಬೇಕು, ಅಂಗಡಿಗೆ ಹೋದವನಿಗೆ ಸಾಮಾನಿನ ಜೊತೆ ಹಣವೂ ಸಿಗಬೇಕು. ಹುಚ್ಚು ಯೋಜನೆ. ಅದನ್ನು ಜಾರಿಗೆ ತರಲು ಅವರು ಸುಳ್ಳು ಆರೋಪ ಹೊರಿಸುತ್ತಾರೆ, ಸಮುದ್ರದಲ್ಲಿ ಸತ್ತ ಮೀನುಗಾರರ ಹೆಣಗಳ ಮೇಲೆ ರಾಷ್ಟ್ರಾಭಿಮಾನ ಬೆಳೆಸುತ್ತಾರೆ. ಯಾಕೆ ನಿಮ್ಮ ದೇಶವನ್ನು ಹೀಗೆ ಹರಿದುಹಾಕುತ್ತಿದ್ದೀರಿ ಎಂದು ಜರ್ಮನಿಯ ಚಾನ್ಸಲರ್ ಕೇಳಿದಾಗ ಪ್ರಧಾನಿಯ ಬಳಿ ಉತ್ತರವಿಲ್ಲ. ಯಾಕೆಂದರೆ ಯಾಕೆಂದರೆ, ಅಷ್ಟೇ.

ವಿಡಂಬನೆಯಾಗಿ ಇದು ಚುರುಕಾಗಿದೆ. ಸಂಸದೀಯ ಕಾರಸ್ಥಾನಗಳ ಚಿತ್ರಣದಲ್ಲಂತೂ ಲೇಖಕರ ಕೈ ಪಳಗಿದೆ. ಆದರೆ ಆ ಜಿರಳೆ ನನ್ನನ್ನು ಬಿಡದೆ ಕಾಡಿತು. ಎದುರಾಳಿಯನ್ನು ಹುಳುವೆಂದು ಕರೆಯುವುದಕ್ಕೆ ಒಂದು ಚರಿತ್ರೆಯಿದೆ. 1994ರ ರುವಾಂಡಾದಲ್ಲಿ ತುತ್ಸಿಗಳನ್ನು ಕೊಲ್ಲುವ ಮುಂಚೆ ಅವರನ್ನು ಜಿರಳೆಗಳೆಂದು ಕರೆಯಲಾಯಿತು. ಜನಮತಗಣನೆಗೆ ಒಂದು ವರ್ಷ ಮುಂಚೆ, 2015ರ ಏಪ್ರಿಲಿನಲ್ಲಿ, ಬ್ರಿಟನ್ನಿನ ಒಂದು ಜನಪ್ರಿಯ ಪತ್ರಿಕೆಯ ಅಂಕಣ ಮೆಡಿಟರೇನಿಯನ್ ದಾಟಿ ಬರುತ್ತಿದ್ದ ವಲಸಿಗರನ್ನು ಇದೇ ಕೀಟಕ್ಕೆ ಹೋಲಿಸಿತ್ತು. ವಿಶ್ವಸಂಸ್ಥೆಯ ಅಂದಿನ ಮಾನವ ಹಕ್ಕುಗಳ ಮುಖ್ಯಸ್ಥ, ಜೋರ್ಡಾನಿನ ಝೈದ್ ರಅದ್ ಅಲ್ ಹುಸೈನ್, ಅದನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. ಅಂಥ ಭಾಷೆಯನ್ನು ವಿರೋಧಿಸುವ ಪಾಳೆಯದ ಲೇಖಕರೇ ಎದುರಿನವರಿಗೆ ಅದೇ ಹೆಸರು ಕೊಡುವುದು ಎಷ್ಟು ಸರಿ? ಮೆಕ್ಯೂವನ್ ಅವರ ಗುರಿ ಮಂತ್ರಿಗಳು, ಮತದಾರರಲ್ಲ ಎಂದು ಸಮರ್ಥಿಸಬಹುದು. ಅಧಿಕಾರದಲ್ಲಿರುವವರನ್ನು ಅಣಕಿಸುವುದಕ್ಕೂ ದೋಣಿಯಲ್ಲಿ ಮುಳುಗುವವರನ್ನು ಅಣಕಿಸುವುದಕ್ಕೂ ಅಂತರವಿದೆ, ಒಪ್ಪೋಣ. ಆದರೂ ಕಥೆಯಲ್ಲಿ ಒಂದು ಕೋಟಿ ಎಪ್ಪತ್ತನಾಲ್ಕು ಲಕ್ಷ ಮತದಾರರಿಗೆ ಜಾಗವೇ ಇಲ್ಲವಲ್ಲ! ಮುಚ್ಚಿದ ಕಾರ್ಖಾನೆಯ ಊರಿನವನು ಯಾಕೆ ಹೊರಗೆ ಎಂದ, ಅವನ ದೂರಿನಲ್ಲಿ ನಿಜ ಎಷ್ಟು, ಅವನ ಕಿವಿಗೆ ಬಿದ್ದ ಸುಳ್ಳು ಎಷ್ಟು ಎಂದು ಕಥೆ ಕೇಳುವುದಿಲ್ಲ. ಹುಳುವಿನ ಜೊತೆ ಯಾರೂ ಸಂಧಾನ ಮಾಡುವುದಿಲ್ಲ. ರೂಪಕವನ್ನು ಆರಿಸಿಕೊಂಡ ಗಳಿಗೆಯಲ್ಲೇ ಕಾದಂಬರಿ ಮಾತುಕತೆಯ ಬಾಗಿಲು ಮುಚ್ಚಿಬಿಟ್ಟಿದೆ.

ಮೇಜಿನಲ್ಲಿ ಜಾಗ ಸಿಗದವರು

ಮೂರೂ ಕೃತಿಗಳ ನಡುವೆ ಬೆಳಕು ಕಡಿಮೆ ಬಿದ್ದಿರುವ ಎರಡು ಮತದಾನಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು 2017ರ ಮಾರ್ಚಿನದು. ಬ್ರಿಟನ್ನಿನಲ್ಲಿ ಆಗ ಒಕ್ಕೂಟದ ಬೇರೆ ದೇಶಗಳ 30 ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಿದ್ದರು. ದಾದಿಯರು, ಗಾರೆ ಕೆಲಸದವರು, ಹೋಟೆಲ್ ಕೆಲಸದವರು, ಪ್ರಾಧ್ಯಾಪಕರು. ಮಾತುಕತೆ ಏನೇ ಆಗಲಿ, ಇವರ ಹಕ್ಕು ಮಾತ್ರ ಭದ್ರ ಎಂದು ಕಾನೂನಿನಲ್ಲೇ ಬರೆಯೋಣ ಎಂಬ ತಿದ್ದುಪಡಿಯನ್ನು ಲಾರ್ಡ್ಸ್ ಸಭೆ 358-256ರಿಂದ ಅಂಗೀಕರಿಸಿತು. ಕಾಮನ್ಸ್ ಸಭೆ ಅದನ್ನು ತಳ್ಳಿಹಾಕಿತು. ನೆರೆಹೊರೆಯವರನ್ನು ಚೌಕಾಶಿಯ ದಾಳವಾಗಿ ಕೈಯಲ್ಲಿ ಇಟ್ಟುಕೊಂಡದ್ದು ಈ ಇಡೀ ಪ್ರಕರಣದ ನೈತಿಕ ಸೋಲು. ಕೊನೆಗೆ ಒಪ್ಪಂದದಲ್ಲಿ ಅವರ ಹಕ್ಕು ಉಳಿಯಿತು, ನಿಜ. ಆದರೆ ಆ ಅನಿಶ್ಚಿತತೆಯಲ್ಲಿ ಕಳೆದ ದಿನಗಳ ಲೆಕ್ಕವನ್ನು ಯಾವ ಒಪ್ಪಂದವೂ ತುಂಬಿಕೊಡುವುದಿಲ್ಲ.

ಎರಡನೆಯದು 2019ರ ಏಪ್ರಿಲ್ 1ರದು. ಅಷ್ಟರಲ್ಲಿ ಮೇ ಅವರ ಒಪ್ಪಂದ ಮೂರು ಬಾರಿ ಸೋತಿತ್ತು. ಜನವರಿಯ ಮೊದಲ ಸೋಲೇ 432-202. ಬೇರೆ ದಾರಿ ಯಾವುದಿದೆ ಎಂದು ಸಂಸತ್ತು ತಾನೇ ಹುಡುಕಲು ಹೊರಟಿತು. ಮಾರ್ಚ್ 27ರಂದು ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು, ಎಂಟೂ ಬಿದ್ದವು. ಏಪ್ರಿಲ್ 1ರಂದು ಸುಂಕ ಒಕ್ಕೂಟದಲ್ಲಿ ಉಳಿಯುವ ನಡುದಾರಿ ಬರೇ ಮೂರು ಮತಗಳಿಂದ ಸೋತಿತು, 273-276. ಹೊರಬರುವ ಕಟ್ಟಾಳುಗಳು ಅದನ್ನು ದ್ರೋಹವೆಂದರು. ಮರುಮತದಾನವನ್ನೇ ಬಯಸಿದ್ದ ಕೆಲವರು ಅದು ಸಾಲದೆಂದರು. ಪೂರ್ತಿ ಗೆಲುವಿನ ಆಸೆಯಿಂದ ಎರಡೂ ತುದಿಯವರು ಸೇರಿ ಮಧ್ಯವನ್ನು ಕೆಡವಿದರು. ಮೇ ಅವರು ವಿರೋಧ ಪಕ್ಷದೊಂದಿಗೆ ಕೂತು ಮಾತಾಡಲು ಆರಂಭಿಸಿದ್ದು ಅದೇ ವಾರ, ಜನಮತಗಣನೆಯಾಗಿ ಮೂರು ವರ್ಷವಾಗುತ್ತ ಬಂದಾಗ. ಮೇ ಮಧ್ಯಭಾಗದಲ್ಲಿ ಆ ಮಾತುಕತೆ ಮುರಿಯಿತು, ತಿಂಗಳ ಕೊನೆಯ ಹೊತ್ತಿಗೆ ಅವರು ರಾಜೀನಾಮೆ ಘೋಷಿಸಿದರು. ಮೊದಲ ವಾರದಲ್ಲಿ ಮಾಡಬೇಕಿದ್ದ ಕೆಲಸವನ್ನು ಕೊನೆಯ ವಾರದಲ್ಲಿ ಮಾಡಲು ಹೊರಟರೆ ಇನ್ನೇನಾದೀತು?

ನಮ್ಮ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಜಗಳದಲ್ಲಿ ಮುಸ್ಲಿಮರು ಸಂಧಾನದ ಮೇಜಿನ ಹತ್ತಿರವೂ ಇರಲಿಲ್ಲ, ಆದರೆ ಪೋಸ್ಟರುಗಳಲ್ಲಿದ್ದರು. 7.6 ಕೋಟಿ ಜನಸಂಖ್ಯೆಯ ಟರ್ಕಿ ಒಕ್ಕೂಟಕ್ಕೆ ಸೇರಲಿದೆ ಎಂದು ಹೊರಬರುವ ಪಕ್ಷದ ಅಧಿಕೃತ ಪ್ರಚಾರ ಹೆದರಿಸಿತು. ಆ ಪ್ರಚಾರದ ಮುಂಚೂಣಿಯಲ್ಲಿದ್ದ ಜಾನ್ಸನ್ ಅವರ ಮುತ್ತಜ್ಜ ಅಲಿ ಕೆಮಾಲ್ ಒಟ್ಟೋಮನ್ ಸರಕಾರದಲ್ಲಿ ಮಂತ್ರಿಯಾಗಿದ್ದ ತುರ್ಕಿ. ಮತದಾನ ಮುಗಿದ ಮೂರೇ ತಿಂಗಳಲ್ಲಿ, 2016ರ ಸೆಪ್ಟೆಂಬರಿನಲ್ಲಿ, ವಿದೇಶಾಂಗ ಸಚಿವರಾಗಿ ಅಂಕಾರಾಕ್ಕೆ ಹೋದ ಅವರು, ಟರ್ಕಿಯ ಒಕ್ಕೂಟ ಪ್ರವೇಶಕ್ಕೆ ಬ್ರಿಟನ್ ನೆರವಾಗುತ್ತದೆ ಎಂದರು! ನೈಜೆಲ್ ಫರಾಜ್ ಅವರು ಜೂನ್ 16ರಂದು ಅನಾವರಣ ಮಾಡಿದ ಪೋಸ್ಟರಿನಲ್ಲಿದ್ದುದು 2015ರಲ್ಲಿ ಕ್ರೊಯೇಷಿಯಾ-ಸ್ಲೊವೇನಿಯಾ ಗಡಿಯಲ್ಲಿ ನಡೆದುಹೋಗುತ್ತಿದ್ದ ನಿರಾಶ್ರಿತರ ಸಾಲು. ಬ್ರಿಟನ್ನಿನ ವಾಸ್ತವದ ವಲಸೆ ನೀತಿಗೂ ಆ ಸಾಲಿಗೂ ಸಂಬಂಧವಿರಲಿಲ್ಲ. ಭಯ ಹುಟ್ಟಿಸಿ ಗೆದ್ದ ಮತಕ್ಕೆ ಸಂಧಾನದಲ್ಲಿ ಬೆಲೆ ಕಟ್ಟುವುದು ಹೇಗೆ? ಭಯಕ್ಕೆ ನಡುದಾರಿ ಎಂಬುದಿಲ್ಲ. ಏಕ ಮಾರುಕಟ್ಟೆಯಲ್ಲಿ ಉಳಿದರೆ ಜನಸಂಚಾರ ಒಪ್ಪಬೇಕು. ಜನಸಂಚಾರ ಒಪ್ಪಿದರೆ ಪೋಸ್ಟರಿನ ಮಾತು ಸುಳ್ಳಾಗುತ್ತದೆ. ಮೇ ಅವರ ಗೆರೆಗಳು ಅಷ್ಟು ಬಿಗಿಯಾದದ್ದರಲ್ಲಿ ಆ ಪೋಸ್ಟರುಗಳ ಪಾಲು ದೊಡ್ಡದು.

ಗಡಿ ಎಲ್ಲಿ ಬಿತ್ತು?

ಎಲ್ಲ ಮಾತುಗಳೂ ಕೊನೆಗೆ ಬಂದು ನಿಂತದ್ದು ಐರ್ಲೆಂಡಿನ ಗಡಿಯಲ್ಲಿ. ಸುಮಾರು 500 ಕಿಲೋಮೀಟರಿನ ಈ ಗೆರೆಯನ್ನು 200ಕ್ಕೂ ಹೆಚ್ಚು ರಸ್ತೆಗಳು ದಾಟುತ್ತವೆ. 3,500ಕ್ಕೂ ಹೆಚ್ಚು ಜೀವ ಬಲಿ ತೆಗೆದುಕೊಂಡ ಹಿಂಸೆಯ ನಂತರ 1998ರ ಏಪ್ರಿಲಿನಲ್ಲಿ ಶುಭ ಶುಕ್ರವಾರದ ಒಪ್ಪಂದವಾಯಿತು. ಕಾವಲು ಗೋಪುರಗಳು ಹೋದವು. ಎರಡೂ ಕಡೆ ಒಂದೇ ಒಕ್ಕೂಟದಲ್ಲಿದ್ದುದರಿಂದ ಸುಂಕದ ಕಟ್ಟೆಯೂ ಬೇಕಿರಲಿಲ್ಲ. ಬ್ರಿಟನ್ ಸುಂಕ ಒಕ್ಕೂಟ ಬಿಟ್ಟರೆ ತಪಾಸಣೆ ಎಲ್ಲೋ ಒಂದು ಕಡೆ ಬೇಕೇ ಬೇಕು. ಒಂದೋ ಆ 500 ಕಿಲೋಮೀಟರಿನ ಮೇಲೆ, ಇಲ್ಲವೇ ಬ್ರಿಟನ್ ಮತ್ತು ಉತ್ತರ ಐರ್ಲೆಂಡ್ ನಡುವಿನ ಸಮುದ್ರದಲ್ಲಿ. ಎರಡೂ ಬೇಡವೆಂದರೆ ಇಡೀ ಬ್ರಿಟನ್ ಸುಂಕದ ಮಟ್ಟಿಗೆ ಒಕ್ಕೂಟದ ಜೊತೆಗಿರಬೇಕು. ಮೇ ಅವರು ಕೊನೆಗೆ ಒಪ್ಪಿಕೊಂಡ 'ಬ್ಯಾಕ್‌ಸ್ಟಾಪ್' ಎಂಬ ವ್ಯವಸ್ಥೆ ಇದೇ. ಹಿಂದೆ ಒಕ್ಕೂಟದ ಪ್ರಾದೇಶಿಕ ನೀತಿಯ ಆಯುಕ್ತರಾಗಿ ಉತ್ತರ ಐರ್ಲೆಂಡಿನ ಶಾಂತಿ ಯೋಜನೆಯ ಹೊಣೆ ಹೊತ್ತಿದ್ದ ಬಾರ್ನಿಯೆ ಈ ಗಡಿಯ ಬಗ್ಗೆ ಬರೆಯುವಾಗ ಮಾತ್ರ ಶುಷ್ಕತೆ ಬಿಡುತ್ತಾರೆ. ಆ ಪುಟಗಳು ಪುಸ್ತಕದ ಅತ್ಯುತ್ತಮ ಭಾಗ. ಲಂಡನ್ನಿನಲ್ಲಿ ಈ ಗಡಿಯ ಜನ ತಮ್ಮ ಕಷ್ಟ ಹೇಳಿಕೊಂಡದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು.

ಸಮುದ್ರದಲ್ಲಿ ಗಡಿ ಹಾಕಲು ಯಾವ ಕನ್ಸರ್ವೇಟಿವ್ ಸರಕಾರವೂ ಒಪ್ಪಲಾರದು ಎಂದು 2018ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನ ಡಿಯುಪಿ ಸಮಾವೇಶದಲ್ಲಿ ಜಾನ್ಸನ್ ಘೋಷಿಸಿದರು. ಪ್ರಧಾನಿಯಾದ ಮೇಲೆ ಸಂಸತ್ತನ್ನು ಐದು ವಾರ ಮುಚ್ಚಲು ಹೋಗಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದೂ ನ್ಯಾಯಾಧೀಶರಿಂದ ಅದು ಕಾನೂನುಬಾಹಿರ ಎನಿಸಿಕೊಂಡರು. 2019ರ ಅಕ್ಟೋಬರ್ 17ರಂದು ಸಮುದ್ರದ ಗಡಿಗೇ ಒಪ್ಪಿ ಬಂದರು. ಡಿಸೆಂಬರಿನ ಚುನಾವಣೆಯಲ್ಲಿ 365 ಸ್ಥಾನ ಗೆದ್ದರು. ಒಂದು ವರ್ಷದ ನಂತರ ಬಂದ 1,200 ಪುಟಗಳಿಗೂ ಮೀರಿದ ವ್ಯಾಪಾರ ಒಪ್ಪಂದವನ್ನು ಕಾಮನ್ಸ್ ಸಭೆ ಒಂದೇ ದಿನದಲ್ಲಿ 521-73ರಿಂದ ಪಾಸು ಮಾಡಿತು. ನಾಲ್ಕು ವರ್ಷ ಹೇಗೆ ಮಾತಾಡಬೇಕೆಂದು ಜಗಳಾಡಿದವರು ಏನು ಬರೆದಿದೆಯೆಂದು ಓದಲು ಒಂದು ದಿನ ಸಾಕೆಂದರು.

ಬೆಲೆ ತೆತ್ತದ್ದು ಉತ್ತರ ಐರ್ಲೆಂಡ್. ಸಮುದ್ರದ ಗಡಿಯನ್ನು ಪ್ರತಿಭಟಿಸಿ ಡಿಯುಪಿ ಹೊರಬಂದದ್ದರಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿ ಚುನಾಯಿತ ಸರಕಾರವೇ ಇರಲಿಲ್ಲ. 2023ರ ಫೆಬ್ರವರಿಯ ವಿಂಡ್ಸರ್ ಒಪ್ಪಂದ ತಪಾಸಣೆಗಳನ್ನು ಸಡಿಲಿಸಿತು. 2025ರ ಮೇ 19ರಂದು ಲಂಡನ್ನಿನಲ್ಲಿ ಬ್ರಿಟನ್ ಮತ್ತು ಒಕ್ಕೂಟದ ನಾಯಕರು ಮತ್ತೆ ಕೂತು ಆಹಾರ ತಪಾಸಣೆ, ಮೀನುಗಾರಿಕೆ, ರಕ್ಷಣೆಯ ಬಗ್ಗೆ ಹೊಸ ಒಡಂಬಡಿಕೆಗೆ ಬಂದರು. ಅಂದರೆ ಮಾತುಕತೆ ಮುಗಿದಿಲ್ಲ. ಕೂಡು ಕುಟುಂಬದಿಂದ ಪಾಲು ತೆಗೆದುಕೊಂಡು ಹೋದವನಿಗೂ ಬಾವಿ, ದಾರಿ, ಬೇಲಿಗಳ ಮಾತು ಇದ್ದೇ ಇರುತ್ತದೆ.

ಈ ಮೂರು ಕೃತಿಗಳಲ್ಲಿ ಮತ್ತೆ ಓದುವಂಥದ್ದು ಬಾರ್ನಿಯೆ ಅವರ ದಿನಚರಿ. ಅದರ ಬೇಸರವನ್ನು ಸಹಿಸಿಕೊಂಡೇ ಓದಬೇಕು. ಡೆಸ್ಮೆಟ್ ಚಿತ್ರವನ್ನು ಒಮ್ಮೆ ನೋಡಿದರೆ ಸಾಕು. ಮೆಕ್ಯೂವನ್ ಕಥೆ ನಗಿಸುತ್ತದೆ, ಆದರೆ ನಕ್ಕವರನ್ನು ಇದ್ದಲ್ಲೇ ಬಿಡುತ್ತದೆ. ಶೇ. 52 ಗೆದ್ದಿತು ಎಂಬುದು ನಿಜ. ಪ್ರಜಾಪ್ರಭುತ್ವದಲ್ಲಿ ಅದನ್ನು ಗೌರವಿಸಲೇಬೇಕು. ಆದರೆ ಉಳಿದ ಶೇ. 48 ಮರುದಿನ ಬೆಳಿಗ್ಗೆಯೂ ಅದೇ ದೇಶದಲ್ಲಿ ಏಳುತ್ತದೆ. ಗೆದ್ದವರು ಅವರನ್ನು ಕರೆದು ಕೂರಿಸಿ, ನಾವು ಹೋಗುವುದಂತೂ ಹೌದು, ಹೇಗೆ ಹೋಗೋಣ ಎಂದು ಕೇಳಿದ್ದರೆ ಬ್ರಸೆಲ್ಸಿನ ಮೇಜಿಗೆ ಖಾಲಿ ಕೈಯಲ್ಲಿ ಹೋಗಬೇಕಾಗಿರಲಿಲ್ಲ. ಬಹುಮತವಿದ್ದವರಿಗೆ ಕೇಳುವ ಅಗತ್ಯವಿಲ್ಲ ಎಂಬ ಭಾವನೆ ಬ್ರಿಟನ್ನಿಗೆ ಮಾತ್ರ ಬಂದ ರೋಗವಲ್ಲ. ಆದ್ದರಿಂದಲೇ ಈ ಕಥೆಯನ್ನು ಓದಿ ಬ್ರಿಟಿಷರ ಮೇಲೆ ನಗುವ ಮುಂಚೆ ನಾವೂ ಸ್ವಲ್ಪ ಯೋಚಿಸುವುದು ಒಳ್ಳೆಯದು.